ಬೆಳ್ಳಪ್ಪನ ಕಣ್ಣಿ

“ಹೊಸಿಯೋ ಬೆಳ್ಳ, ಮನೇಲಿ ಹೊಸೀತಿದ್ಯಲ್ಲ, ಹಂಗೇ” ಎಂದು ಕನ್ನಮ್ಮ ಪುಂಡಿ ನಾರಿನ ಎರಡು ಎಳೆಗಳನ್ನು ತಮ್ಮನ ಅಂಗೈಗೆ ತುರುಕಿದಳು. ನಲವತ್ತು ದಾಟಿದ ಬೆಳ್ಳಪ್ಪ, ಸಾಗರದ ಡಾಕ್ಟರ ಎದುರು ಸ್ಟೂಲಿನ ಮೇಲೆ ಕೂತು, ಎಳೆಗಳನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಉಜ್ಜಿದ. ಸುತ್ತಿಕೊಂಡದ್ದೆಲ್ಲ ಮತ್ತೆ ಬಿಚ್ಚಿಕೊಂಡಿತು.

“ಇದು ಡೌನ್ಸ್ ಸಿಂಡ್ರೋಮ್ ಕಣಮ್ಮ, ಹುಟ್ಟಿನಿಂದಲೇ ಬುದ್ಧಿ ಕಮ್ಮಿ. ಇವರಿಗೆ ಇದೆಲ್ಲ ಎಲ್ಲಿ ಬರಬೇಕು?” ಎಂದರು ಡಾಕ್ಟರು.

“ಬರ್ತಿತ್ತು ಡಾಕ್ಟ್ರೇ! ಹೋದ ವರ್ಷದವರೆಗೂ ಬರ್ತಿತ್ತು. ಈಗ ಬಚ್ಚಲು ಎಲ್ಲಿ ಅನ್ನೋದನ್ನೂ ಮರೀತಾನೆ. ರಕ್ತ ತೆಗೆದು ನೋಡಿ. ಇಲ್ಲಾಂದ್ರೆ ದೊಡ್ಡಾಸ್ಪತ್ರೆಗೆ ಬರ್ಕೊಡಿ.”

“ಮರೆವನ್ನ ತೋರಿಸೋ ರಕ್ತಪರೀಕ್ಷೆ ನಮ್ಮಲ್ಲಿ ಇಲ್ಲಮ್ಮ. ಇಲ್ಲದ ಬುದ್ಧಿ ಹೋಯ್ತು ಅಂತ ನಾನು ಹ್ಯಾಗೆ ಬರೀಲಿ?”

ಕನ್ನಮ್ಮನಿಗೆ ಮೈಯೆಲ್ಲ ಉರಿಯಿತು. ಮೊದಲ ಲಾಂಚಿಗೇ ಹಿನ್ನೀರು ದಾಟಿ ಹೊಳೆಬಾಗಿಲಿನ ದಡಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದದ್ದು ಈ ಮಾತು ಕೇಳುವುದಕ್ಕಾ? ಚೀಲದಿಂದ ಕರು ಕಟ್ಟುವ ಕಣ್ಣಿಯೊಂದನ್ನು ಎಳೆದು ಮೇಜಿನ ಮೇಲೆ ಕುಕ್ಕಿದಳು. ಬಿಗಿಯಾಗಿ, ಒಂದೇ ಸಮನೆ ಹೊಸೆದ ಹಗ್ಗ; ತುದಿಯಲ್ಲಿ ಊರಿನಲ್ಲೆಲ್ಲ ಬೆಳ್ಳಪ್ಪ ಒಬ್ಬನೇ ಹಾಕುವ ಜೋಡಿಗಂಟು.

“ಹಂಗಾರೆ ಇದನ್ನ ಯಾರು ಹೊಸೆದ್ರು, ನೀವಾ?”

ಡಾಕ್ಟರು ಬಾಯಿ ತೆರೆಯುವ ಮೊದಲೇ ಬೆಳ್ಳಪ್ಪ ಮುಂದೆ ಬಾಗಿ ಕಣ್ಣಿಯನ್ನು ಎತ್ತಿಕೊಂಡ. ಗಂಟನ್ನು ಬೆರಳಿನಿಂದ ಮೆಲ್ಲಗೆ ಸವರಿದ. ಅವನ ಮುಖ ಅರಳಿತು.

“ಚಂದ ಇದೆ ಅಕ್ಕ” ಎಂದ. “ಯಾರು ಮಾಡಿದ್ದು?”

ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆಯಲು ಚೀಟಿ ಎಳೆದುಕೊಂಡು ಪೆನ್ನಿನ ಕ್ಯಾಪು ಬಿಚ್ಚಿದರು. ಇಷ್ಟು ಹೊತ್ತು ಜಗಳವಾಡಿದ ಕನ್ನಮ್ಮನಿಗೆ ಈಗ ಅವರು ಏನೂ ಬರೆಯುವುದು ಬೇಡವಾಗಿತ್ತು.