ಒಂದೇ ಒಂದು ವಾಪಸ್ ಟಿಕೆಟ್

ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ. ಟೈಪಿಂಗ್ ಕೆಲಸವನ್ನೂ ಮಾಡುತ್ತೇನೆ.

ನನಗೊಂದು ಕೆಟ್ಟ ಚಾಳಿ ಇದೆ... ಕೈಗೆ ಬಂದ ಹಾಳೆಯನ್ನು ಓದದೆ ಬಿಡುವುದಿಲ್ಲ. ಗಂಡಿನ ಬಯೋಡೇಟಾ, ಬಾಡಿಗೆ ಕರಾರು, ಶುಗರ್ ರಿಪೋರ್ಟ್... ಯಾವುದೂ ತಪ್ಪುವುದಿಲ್ಲ.

"ನಿಮಗ್ಯಾಕ್ರೀ ಊರೋರ ಉಸಾಬರಿ?" ಎಂದು ಹೆಂಡತಿ ಬೈಯುತ್ತಲೇ ಇರುತ್ತಾಳೆ.

ಹೋದ ವರ್ಷ ಚಂದ್ರಕಲಾ ಎಂಬ ನರ್ಸ್ ಅಂಗಡಿಗೆ ಬಂದರು. ಅವರಿಗೆ ಮಸ್ಕತ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಗಂಡ, ಮಗಳು, ಅತ್ತೆ... ಇಡೀ ಸಂಸಾರವೇ ಹೊರಟಿತ್ತು.

"ಇದು ನಮ್ಮ ಬಜೆಟ್ಟು. ಟೈಪ್ ಮಾಡ್ಕೊಡಿ ಅಣ್ಣ, ಬೀರು ಬಾಗಿಲಿಗೆ ಅಂಟಿಸ್ಬೇಕು."

ವೀಸಾ, ಮೆಡಿಕಲ್ ಟೆಸ್ಟ್, ಮನೆ ಅಡ್ವಾನ್ಸ್, ಸ್ಕೂಲ್ ಫೀಸು, ನಾಲ್ಕು ಟಿಕೆಟ್, ಸೋಫಾ, ಟಿವಿ, ಮಿಕ್ಸಿ, ಮೊದಲ ಸಂಬಳ ಬರುವವರೆಗಿನ ದಿನಸಿ...

ಕಟ್ಟಕಡೆಗೆ ಒಂದು ಸಾಲು.

ವಾಪಸ್ ಟಿಕೆಟ್ – 1 – 18,000.

ನನ್ನ ತಲೆಗೆ ಹುಳ ಹೊಕ್ಕಿತು. ಹೋಗುವವರು ನಾಲ್ಕು ಜನ... ವಾಪಸ್ ಬರುವವರು ಯಾರು?

ಮೂರು ತಿಂಗಳಲ್ಲಿ ಆ ಬಜೆಟ್ ಐದು ಸಲ ಬದಲಾಯಿತು. ಮನೆ ಅಡ್ವಾನ್ಸ್ ಏರಿತು, ಟಿವಿ ಹೋಯಿತು. ಸ್ಕೂಲ್ ಫೀಸು ಏರಿತು, ಮಿಕ್ಸಿಯೂ ಹೋಯಿತು. ಕೊನೆಯ ಸಾಲಿಗೆ ಮಾತ್ರ ಚಂದ್ರಕಲಾ ಕೈ ಹಚ್ಚಲಿಲ್ಲ.

ಗಂಡನಿಗೆ ಅಲ್ಲಿ ಕೆಲಸ ಸಿಗದಿದ್ದರೆ ಎಂಬ ಭಯವೇ? ಅಥವಾ ಗಂಡ ಹೆಂಡತಿ ನಡುವೆ ಸರಿಯಿಲ್ಲವೇ? ಪ್ರತಿ ಸಲವೂ ಪ್ರಶ್ನೆ ಬಾಯಿಗೆ ಬಂದು ನಿಲ್ಲುತ್ತಿತ್ತು... ಹೇಗೋ ನುಂಗಿಕೊಳ್ಳುತ್ತಿದ್ದೆ.

ಒಂದು ಬೆಳಗ್ಗೆ ನಾನು ಬರುವಷ್ಟರಲ್ಲಿ ಅಂಗಡಿ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಕೈಯಲ್ಲಿ ಅದೇ ಬಜೆಟ್ ಹಾಳೆ. ಮೂಲೆಯಲ್ಲಿ ಟೇಪ್ ಇನ್ನೂ ಅಂಟಿಕೊಂಡಿತ್ತು.

"ಇದನ್ನ ಟೈಪ್ ಮಾಡ್ದೋನು ನೀನೇನಪ್ಪಾ?"

"ಹೌದಜ್ಜಿ."

"ನಾನು ಹೊನ್ನಮ್ಮ, ಕಲಾನ ಅತ್ತೆ. ಇದ್ರಾಗೆ ನನ್ ಖರ್ಚೆಲ್ಲ ತೆಗ್ದು ಮೂರೇ ಜನ ಅಂತ ಮಾಡ್ಕೊಡು. ನಾನು ಹೋಗಾಕಿಲ್ಲ."

"ಯಾಕಜ್ಜಿ?"

ಅವರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ವಾ...ಪ...ಸ್. ನಾಲ್ಕನೇ ಕ್ಲಾಸು ಓದಿವ್ನಿ ಕಣಪ್ಪಾ, ಅಷ್ಟು ಗೊತ್ತಾಯ್ತದೆ. ವಾಪಸ್ ಕಳ್ಸೋದು ಇನ್ಯಾರನ್ನ? ಕರ್ಕೊಂಡ್ ಹೋಗಕ್ ಮುಂಚೇನೇ ವಾಪಸ್ ಅಟ್ಟಾಕೆ ದುಡ್ಡು ಎತ್ತಿಟ್ಟವ್ರೆ. ಗುಬ್ಬೀಲಿ ನನ್ ತಂಗಿ ಅವ್ಳೆ... ಅಲ್ಲೇ ಇರ್ತೀನಿ ಬುಡು."

ಧ್ವನಿ ಗಟ್ಟಿಯಾಗಿತ್ತು. ಹಾಳೆಯನ್ನು ಮಾತ್ರ ಮತ್ತೆ ಮತ್ತೆ ನೀವಿ ಸರಿ ಮಾಡುತ್ತಿದ್ದರು.

ಉಸಾಬರಿಯ ಮನುಷ್ಯ ಸುಮ್ಮನಿರುತ್ತಾನೆಯೇ? ಅಜ್ಜಿಗೆ ಕಾಫಿ ತರಿಸಿ, ಚಂದ್ರಕಲಾಗೆ ಫೋನ್ ಹಚ್ಚಿ ವಿಷಯ ಹೇಳಿದೆ. ಡ್ಯೂಟಿ ಮುಗಿಸಿದವರು ಯೂನಿಫಾರ್ಮ್‌ನಲ್ಲೇ ಓಡಿ ಬಂದರು.

"ಹೌದು ಅತ್ತೆ... ಅದು ನಿಮ್ಮದೇ ಟಿಕೆಟ್ಟು."

ಅಜ್ಜಿ ನನ್ನ ಕಡೆ ತಿರುಗಿ, "ನೋಡ್ದಾ, ನಾನ್ ಹೇಳ್ಲಿಲ್ವಾ?" ಅಂದರು.

"ಪೂರ್ತಿ ಕೇಳಿ ಅತ್ತೆ. ನಾನು ಮದ್ವೆಯಾಗಿ ಬಂದ ದಿನ ಅಡುಗೆಮನೆಗೆ ಕರ್ದು ಐನೂರರ ನೋಟು ಕೊಟ್ರಿ. 'ಇದು ನಿನ್ನ ಬಸ್ ಚಾರ್ಜು. ತವರಿಗೆ ಹೋಗ್ಬೇಕು ಅನ್ಸಿದ್ ದಿನ ಯಾರನ್ನೂ ಕೇಳ್ಬೇಡ, ಹೊರಟ್ಬಿಡು' ಅಂದ್ರಿ. ನೆನಪಿದ್ಯಾ?"

ಅಜ್ಜಿ ನನ್ನ ಕಡೆ ತಿರುಗಿ ಹೇಳಿದರು...

"ನಮ್ಮವ್ವ ಸೀಕಾಗಿ ಮಲಗಿದ್ದಾಗ ನನ್ ಕೈಯಾಗೆ ಬಸ್ಸಿಗೆ ಎರಡು ರೂಪಾಯಿ ಇರ್ಲಿಲ್ಲ ಕಣಪ್ಪಾ. ಕೇಳಿದ್ರೆ ಯಜಮಾನ್ರು 'ನಾಳೆ ನೋಡಾನ' ಅಂದ್ರು. ನಾಳೆ ಹೋಗೋ ಹೊತ್ಗೆ ಅವ್ವ ಇರ್ಲಿಲ್ಲ. ಅದಕ್ಕೇ ಸೊಸೆಗೆ ಕೊಟ್ಟಿದ್ದು."

ಚಂದ್ರಕಲಾ ಪರ್ಸಿನಿಂದ ನಾಲ್ಕು ಮಡಿಕೆಯ ನೋಟು ತೆಗೆದರು. ಹಳೆಯ ಐನೂರು. ನೋಟ್ ಬ್ಯಾನ್ ಆದಾಗಲೂ ಅದನ್ನು ಬ್ಯಾಂಕಿಗೆ ಕೊಟ್ಟಿರಲಿಲ್ಲ!

"ಸಿಟ್ಟು ಬಂದಾಗೆಲ್ಲ ಇದನ್ನ ಮುಟ್ಟಿ ನೋಡ್ಕೋತಿದ್ದೆ ಅತ್ತೆ. ಹೋಗೋಕೆ ದಾರಿ ಇದ್ಯಲ್ಲ ಅನ್ನೋ ಧೈರ್ಯಕ್ಕೇ ಒಂದ್ಸಲಾನೂ ಹೊರಡ್ಲಿಲ್ಲ. ಅಲ್ಲಿ ನಿಮ್ಗೆ ಭಾಷೆ ಬರಲ್ಲ, ನಿಮ್ಮೋರು ಯಾರೂ ಇರಲ್ಲ. ತಂಗೀನ ನೋಡ್ಬೇಕು ಅನ್ಸಿದ್ರೆ ನೀವು ಮಗನ ಮುಖ ನೋಡ್ತಾ ಕಾಯ್ಬಾರ್ದು. ಅದಕ್ಕೇ ಈಗ್ಲೇ ಎತ್ತಿಟ್ಟೆ..."

ಹೊನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಳಿಸಿ ಅತ್ತರು. ಸೊಸೆಯೂ ಅತ್ತರು. ನಾನು ಪೇಪರ್ ಸಿಕ್ಕಿಕೊಂಡವನಂತೆ ಮೆಷಿನ್ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅಜ್ಜಿಯ ಧ್ವನಿ ಬಂತು.

"ಏನಪ್ಪಾ, ಈ ಸೋಫಾ ಎಷ್ಟು?"

"ಇಪ್ಪತ್ತು ಸಾವಿರ ಅಜ್ಜಿ."

"ತೆಗಿ ಅದನ್ನ. ಬಂದೋರು ಚಾಪೆ ಮ್ಯಾಲೆ ಕೂತ್ಕಳ್ಳಿ. ಆ ದುಡ್ಡಲ್ಲಿ ನಮ್ಮ ಕಲಾಗೂ ಒಂದು ವಾಪಸ್ ಟಿಕೆಟ್ ಹಾಕು... ನಾನ್ ಕೊಟ್ಟಿದ್ ನೋಟು ಈಗ ನಡಿಯಾಕಿಲ್ವಲ್ಲ!"

ಅಳುತ್ತಿದ್ದ ಸೊಸೆ ನಕ್ಕುಬಿಟ್ಟರು. ನಾನು ಒಂದನ್ನು ಅಳಿಸಿ ಎರಡು ಎಂದು ಟೈಪ್ ಮಾಡಿದೆ. ಪ್ರಿಂಟಿಗೆ ಐದು ರೂಪಾಯಿಯನ್ನೂ ತೆಗೆದುಕೊಂಡೆ... ಬೇಡವೆಂದರೂ ಅಜ್ಜಿ ಬಿಡಲಿಲ್ಲ.

ಅವರು ಹೋಗಿ ಎಂಟು ತಿಂಗಳಾಯಿತು. ಮೊನ್ನೆ ಚಂದ್ರಕಲಾ ಒಂದು ಫೋಟೋ ಕಳಿಸಿದ್ದರು. ನಾಲ್ವರೂ ಚಾಪೆಯ ಮೇಲೆ ಕೂತು ಊಟ ಮಾಡುತ್ತಿದ್ದಾರೆ. ಕೆಳಗೆ ಒಂದೇ ಸಾಲು...

"ಎರಡೂ ಟಿಕೆಟ್ ದುಡ್ಡು ಹಾಗೇ ಇದೆ ಅಣ್ಣ."

*ಹೊರಡುವ ಸ್ವಾತಂತ್ರ್ಯ ಕೊಟ್ಟ ಮನೆಯಲ್ಲೇ ಮನಸ್ಸು ನೆಮ್ಮದಿಯಾಗಿ ಉಳಿಯುತ್ತದೆ.*

ನಿಮ್ಮ ಮನೆಯಲ್ಲಿ ತವರಿನ ಬಸ್ ಚಾರ್ಜಿಗಾಗಿ ಇನ್ನೂ ಯಾರದೋ ಮುಖ ನೋಡುತ್ತಾ ಕೂತವರು ಯಾರಾದರೂ ಇದ್ದಾರಾ... ಒಮ್ಮೆಯಾದರೂ ಕೇಳಿದ್ದೀರಾ?