ಮೇಜಿಗೆ ಬಿಳಿ ಕಾಲುಚೀಲ

ಹೆಟ್ಟಿ ಪ್ರಾಕ್ಟರ್ ತಮ್ಮ ಮನೆಯ ಕೈಕುರ್ಚಿಯೊಂದನ್ನು ಗಾಡಿಯಿಂದ ಇಳಿಸಿಕೊಂಡು ಬಂದವರೇ, ತಮಗಾಗಿ ಸಿದ್ಧವಾಗಿದ್ದ ಊಟದ ಮೇಜಿನ ಕೆಳಗೆ ಅದನ್ನು ತಳ್ಳಿದರು. ಕುರ್ಚಿಯ ಕೈ ಮೇಜಿನ ಅಂಚಿಗೆ ಟಕ್ಕೆಂದು ಬಡಿದು ಅಲ್ಲೇ ನಿಂತಿತು.

"ಒಳಗೇ ಹೋಗ್ತಾ ಇಲ್ವಲ್ಲ! ಅಳತೆ ತಗೊಂಡಿದ್ದು ನೀವೇ ತಾನೆ?" ಎಂದರು ಹೆಟ್ಟಿ.

ಥಿಯಾ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಹಲ್ಲಿನ ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸವನ್ನು ಅವಳೂ, ಸ್ಕೂಲ್ ಬಸ್ ಓಡಿಸುವುದನ್ನು ಗಂಡ ಲೂಸಿಯೆನ್ ಕೂಡ ಬಿಟ್ಟು, ವರ್ಮಾಂಟಿನ ಈ ಹಳೆಯ ದನದ ಕೊಟ್ಟಿಗೆಯಲ್ಲಿ ಮರಗೆಲಸದ ಸ್ಟುಡಿಯೋ ತೆರೆದಿದ್ದರು. ಒಬ್ಬರು ಬಂದು ಹೇಳಿ ಮಾಡಿಸಿದ ಮೊದಲ ಮೇಜು ಇದೇ. ಹೆಟ್ಟಿ ಒಪ್ಪಿದರೆ ಸ್ಟುಡಿಯೋ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರದಿಂದ ಮತ್ತೆ ಅದೇ ಬಸ್ಸು, ಅದೇ ಫೋನು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಮೇಜು ಗಿಡ್ಡವಾದದ್ದು ಹೇಗೆಂದು ಥಿಯಾಳಿಗೆ ಗೊತ್ತಿತ್ತು, ಸಂಕಟವೂ ಅದೇ. ಕಾಲು ಕಡೆಯುವುದು ಅವಳ ಪಾಲು, ಕಾಲು ಹಲಗೆ ಸೇರುವ ಕಡೆ ಕಚ್ಚು ಕೂರಿಸುವುದು ಲೂಸಿಯೆನ್ನನ ಪಾಲು. ಮೇಜು ಎದ್ದುನಿಂತ ದಿನ ಅವನು ಹೊರಗೆ ಹೋದಾಗ ಇವಳು ಸುಮ್ಮನೆ ಅದರ ಮೇಲೆ ಕೈಯೂರಿದ್ದಳು. ಮೇಜು ಕುಂಟಿತು. ಕಚ್ಚು ಓರೆಯಾಗಿದೆ ಎಂದರೆ ಪಾಪ ಅವನ ಮುಖ ಸಪ್ಪಗಾಗುತ್ತದೆಂದು, ಉದ್ದ ಕಂಡ ಕಾಲನ್ನು ಸದ್ದಿಲ್ಲದೆ ಸ್ವಲ್ಪ ಕತ್ತರಿಸಿದಳು. ಎಣ್ಣೆ ಹಚ್ಚಲು ಕಿಟಕಿಯ ಬಳಿಗೆ ಸರಿಸಿದಾಗ ಮತ್ತೆ ಕುಂಟಿತು. ಇನ್ನೊಂದು ಕಾಲನ್ನೂ ಕತ್ತರಿಸಿದಳು. ಆದರೆ ಅವಳು ಕತ್ತರಿಸಿದ್ದು ಉಗುರಿನಷ್ಟು. ಈಗ ನೋಡಿದರೆ ಮೇಜು ಎರಡು ಬೆರಳು ಇಳಿದುಹೋಗಿದೆ!

"ತಪ್ಪು ನಂದು," ಎಂದಳು ಥಿಯಾ.

"ಇಲ್ಲ, ನಂದು," ಎಂದ ಲೂಸಿಯೆನ್, ಅದೇ ಉಸಿರಿನಲ್ಲಿ.

"ನೀನೇನು ಮಾಡಿದೆ?"

"ಕಾಲು ಕತ್ತರಿಸ್ದೆ. ನೀನು ಕಡೆದ ಕಾಲು ಹೆಚ್ಚುಕಮ್ಮಿ ಆಗಿದೆ ಅಂತ ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ಸರಿ ಮಾಡ್ದೆ ಅಂದ್ಕೋತೀನಿ, ಮಾರನೇ ದಿನ ನೋಡಿದ್ರೆ ಮತ್ತೆ ಕುಂಟು!"

"ಅಯ್ಯೋ ಪುಣ್ಯಾತ್ಮ! ನಾನೂ ಅದನ್ನೇ ಮಾಡ್ತಿದ್ದೆ!"

ಹೆಟ್ಟಿ ಇಬ್ಬರನ್ನೂ ಒಮ್ಮೆ ನೋಡಿದರು. "ಚೆನ್ನಾಗಿದೆ ಕಣ್ರಪ್ಪ. ಇನ್ನೊಂದು ವಾರ ಬಿಟ್ಟಿದ್ರೆ ನಾನು ನೆಲದ ಮೇಲೆ ಕೂತು ಊಟ ಮಾಡ್ಬೇಕಿತ್ತು."

ಲೂಸಿಯೆನ್ ತಬ್ಬಿಬ್ಬಾಗಿ ಹಿಂದಕ್ಕೆ ಸರಿದ. ಅವನ ಕಾಲು ತಾಗಿ ನೀರಿನ ಬಕೆಟ್ಟು ಉರುಳಿತು. ನೀರು ಮೇಜಿನ ಕಾಲನ್ನು ಬಳಸಿಕೊಂಡು, ದಾರಿ ಗೊತ್ತಿದ್ದವರಂತೆ, ನೆಲದ ನಡುವಿನ ಕಬ್ಬಿಣದ ಜಾಲರಿಗೆ ಓಡಿ ಗುಳುಗುಳು ಇಳಿದುಹೋಯಿತು. ಮೂವರೂ ಅದನ್ನೇ ನೋಡುತ್ತ ನಿಂತರು. ಹಸು ಕಟ್ಟುತ್ತಿದ್ದ ಕಾಲದಲ್ಲಿ ಕೊಟ್ಟಿಗೆ ತೊಳೆದ ನೀರು ನಿಲ್ಲಬಾರದೆಂದು ನೆಲವನ್ನೇ ನಾಲ್ಕೂ ಕಡೆಯಿಂದ ಇಳಿಜಾರು ಮಾಡಿ ಕಟ್ಟಿದ್ದರು. ಮೇಜಿಗೆ ಯಾವ ಕುಂಟೂ ಇರಲಿಲ್ಲ.

ಮೊದಲು ನಕ್ಕಿದ್ದು ಹೆಟ್ಟಿ. ನಗು ತಡೆಯಲಾಗದೆ ತಮ್ಮ ಕುರ್ಚಿಯಲ್ಲೇ ಕುಸಿದು ಕೂತರು. ಥಿಯಾಳಿಗೆ ನಾಚಿಕೆಯಾಯಿತು. ತನಗೆ ನೋವಾಗಬಾರದೆಂದು ಕದ್ದು ಗರಗಸ ಎತ್ತಿದ ಗಂಡನ ಮೇಲೆ ಅಷ್ಟೇ ಮುದ್ದೂ ಬಂತು.

"ನಾಲ್ಕೂ ಕಾಲಿಗೆ ಕೆಳಗಿಂದ ತುಂಡು ಜೋಡಿಸಿ ಎತ್ತರ ಮಾಡಿಕೊಡ್ತೀವಿ," ಎಂದಳು. "ಆದ್ರೆ ಈ ಕಪ್ಪು ವಾಲ್‌ನಟ್ ಮರ ಮುಗಿದುಹೋಗಿದೆ. ಇರೋದು ಮೇಪಲ್, ಬಿಳಿ ಮರ. ಕಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಕಾಣತ್ತೆ."

"ನಮ್ಮ ಮನೆಯ ಕುದುರೆಗೂ ಹಾಗೇ ಇತ್ತು," ಎಂದು ಹೆಟ್ಟಿ ಕಣ್ಣೊರೆಸಿಕೊಂಡರು. "ಹಾಕಿ. ಆದ್ರೆ ಮೇಜು ನಿಲ್ಲಿಸಿ ನೋಡೋದು ಮಾತ್ರ ನಮ್ಮ ಮನೆಯಲ್ಲಿ."

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಯನ್ನು ಹೆಟ್ಟಿಯ ಮನೆಯವರೆಲ್ಲ ಆ ಮೇಜಿನ ಸುತ್ತ ಕೂತು ತಿಂದರು. ಮಾರನೆಯ ವಾರವೇ ಹೆಟ್ಟಿಯ ಸೊಸೆಯ ತಂಗಿ ಫೋನ್ ಮಾಡಿದಳು. ಅವಳಿಗೂ ಒಂದು ಮೇಜು ಬೇಕಂತೆ. ಬಿಳಿ ಕಾಲುಚೀಲದ್ದೇ ಆಗಬೇಕಂತೆ.

ಥಿಯಾ ಅಭ್ಯಾಸಬಲದಿಂದ, ಬಿಳಿ ತುಂಡಿಗೆ ಜಾಗ ಬಿಡದೆ, ಕಾಲುಗಳನ್ನು ಪೂರ್ತಿ ಉದ್ದಕ್ಕೆ ಕಡೆದುಬಿಟ್ಟಿದ್ದಳು. ಬೆಂಚಿನ ಮೇಲೆ ನಾಲ್ಕನ್ನೂ ಸಾಲಾಗಿ ಮಲಗಿಸಿ ಗರಗಸ ಎತ್ತಿಕೊಂಡಳು.

"ಲೂಸಿಯೆನ್, ಈ ಸಲ ಹೇಳಿಯೇ ಕತ್ತರಿಸ್ತಾ ಇದೀನಿ, ಕೇಳಿಸ್ತಾ?"

"ಎಲ್ಲಾ ನೀನೇ ಕತ್ತರಿಸ್ಬೇಡ ಮಾರಾಯ್ತಿ," ಎಂದ ಲೂಸಿಯೆನ್, ತನ್ನ ಗರಗಸ ಹುಡುಕುತ್ತ. "ನಂಗೂ ಎರಡು ಕಾಲು ಬಿಡು."