ಹದಿಮೂರರ ಒಳಗಿನವರು

ಸಲೂನಿನ ಬಾಗಿಲು ತೆರೆಯಿತು. ಎಳನೀರಿನ ಗಾಡಿಯ ಹಿಂದೆ ಮೋಹನ್ ಕುಮಾರ್ ತಲೆ ತಗ್ಗಿಸಿದರು. ಪಕ್ಕದಲ್ಲಿದ್ದ ಮುತ್ತುರಾಜನ ತಲೆಯನ್ನೂ ಒತ್ತಿ ಹಿಡಿದರು. ಅದರ ಅಗತ್ಯವಿರಲಿಲ್ಲ. ಮುತ್ತುರಾಜ ನೆಟ್ಟಗೆ ನಿಂತರೂ ಗಾಡಿಗಿಂತ ಮೇಲೆ ಕಾಣುತ್ತಿರಲಿಲ್ಲ.

ಹೊರಗೆ ಬಂದವನು ಜೀವನ್, ನಾಗರಬಾವಿ ಫುಟ್‌ಬಾಲ್ ತಂಡದ ಡಿಫೆಂಡರ್. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಬಂದ. ಮೂಗಿನ ಕೆಳಗೆ ದಟ್ಟವಾದ ಮೀಸೆ. ಕೆನ್ನೆ ಸವರಿಕೊಂಡು ರಸ್ತೆ ದಾಟಿದ.

"ನೋಡಿದ್ಯೇನೋ?" ಮೋಹನ್ ಕುಮಾರ್ ಪಿಸುಗುಟ್ಟಿದರು. "ಶೇವಿಂಗ್ ಮಾಡಿಸ್ಕೊಂಡು ಬರ್ತಾ ಇದಾನೆ. ಇವನು ಅಂಡರ್ ತರ್ಟೀನಾ? ಇವನಿಗೇ ಹದಿಮೂರು ವರ್ಷದ ಮಗ ಇರ್ಬೇಕು ಕಣೋ!"

"ಇರಲಿ ಬಿಡ್ರಿ ಸರ್," ಎಂದ ಮುತ್ತುರಾಜ. "ಚಲೋ ಆಡ್ತಾನ. ವಯಸ್ಸಿಂದ್ಯಾಕ ಕೆದಕ್ತೀರಿ?"

"ನಿಂದು ಹೂವಿನಂಥ ಮನಸ್ಸು. ಪ್ರಪಂಚ ನಿಂಗೆ ಗೊತ್ತಿಲ್ಲ."

ಜೀವನ್ ತರಕಾರಿ ಅಂಗಡಿಯ ಮುಂದೆ ನಿಂತ. ಹೇಳಿದ ರೇಟಿಗೇ ಬದನೆಕಾಯಿ ತೂಗಿಸಿಕೊಂಡ.

"ಮನೆಗೆ ತರಕಾರಿ! ನಾನು ಹೇಳ್ಲಿಲ್ವಾ? ಸಂಸಾರಸ್ಥ!"

ಮುತ್ತುರಾಜ ಇಣುಕಿ ನೋಡಿ ತಲೆಯಾಡಿಸಿದ. "ಅಲ್ರಿ ಸರ್. ಚೌಕಾಸಿನ ಮಾಡ್ಲಿಲ್ಲ ನೋಡ್ರಿ. ಸಂಸಾರ ಇದ್ದಾವ ಹಿಂಗ ತಗೋಳಂಗಿಲ್ಲ."

ಮೋಹನ್ ಕುಮಾರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಂದ್ರಾ ಲೇಔಟ್‌ನಲ್ಲಿ ಅಪ್ಪ ಮಾರದೆ ಉಳಿಸಿದ್ದ ಜಾಗದಲ್ಲಿ ಅವರು ಫುಟ್‌ಬಾಲ್ ಅಕಾಡೆಮಿ ನಡೆಸುತ್ತಿದ್ದರು. ಒಬ್ಬ ಹುಡುಗನಾದರೂ ದೊಡ್ಡ ಕ್ಲಬ್ ಸೇರಬೇಕು, ಟಿವಿಯಲ್ಲಿ ಆಡಬೇಕು, "ನನ್ನನ್ನು ಬೆಳೆಸಿದವರು ಮೋಹನ್ ಕುಮಾರ್ ಸರ್" ಎಂದು ಮೈಕಿನಲ್ಲಿ ಹೇಳಬೇಕು. ಅವರ ಕನಸು ಇಷ್ಟೇ. ವರ್ಷಗಟ್ಟಲೆ ಮೊಟ್ಟೆ, ಬಾಳೆಹಣ್ಣು ತಿನ್ನಿಸಿದರು. ಹುಡುಗರು ತಿಂದರು, ಬೆಳೆದರು, ಟ್ಯೂಷನ್‌ಗೆ ಹೋದರು.

ಆಮೇಲೆ ಸಿಕ್ಕವನು ಮುತ್ತುರಾಜ. ಅತ್ತಿಗುಪ್ಪೆ ಮೆಟ್ರೋ ಕೆಳಗೆ ಖಾಲಿ ಬಾಟಲಿಯೊಂದನ್ನು ಅಷ್ಟು ಜನರ ಕಾಲಿನ ನಡುವಿನಿಂದ ದಾಟಿಸಿಕೊಂಡು ಹೋಗುತ್ತಿದ್ದ. ಪುಟ್ಟ ಮೈ, ನುಣ್ಣನೆ ಗಲ್ಲ. ಮೋಹನ್ ಕುಮಾರ್ ಸ್ಕೂಟರ್ ನಿಲ್ಲಿಸಿದ್ದರು.

"ಎಷ್ಟನೇ ಕ್ಲಾಸೋ?"

"ಏಳನೇತ್ತೆ ಮುಗಿಸೀನ್ರಿ."

"ಅಪ್ಪ ಅಮ್ಮ?"

"ರೋಣದ ಕಡೆ, ಊರಾಗ ಅದಾರ್ರಿ. ಇಲ್ಲಿ ಲಕ್ಷ್ಮಿ ಜೋಡಿ ಇರ್ತೀನ್ರಿ."

ಲಕ್ಷ್ಮಿ ಅಕ್ಕನಿರಬೇಕು. ಮೋಹನ್ ಕುಮಾರ್ ಮುಂದೆ ಕೇಳಲಿಲ್ಲ. "ನಾಳೆಯಿಂದ ಪ್ರಾಕ್ಟೀಸ್‌ಗೆ ಬಾ. ದಿನಾ ಎರಡು ಮೊಟ್ಟೆ ಕೊಡ್ತೀನಿ." ಮುತ್ತುರಾಜ ಏನೋ ಹೇಳಲು ಬಾಯಿ ತೆರೆದ. ಮೊಟ್ಟೆ ಎಂದದ್ದು ಕೇಳಿ ಮುಚ್ಚಿದ.

ಅಂಥ ಹುಡುಗನನ್ನು ಅವರು ಕಂಡಿರಲಿಲ್ಲ. ಹೋಂವರ್ಕ್ ಇದೆ ಎಂದು ಒಮ್ಮೆಯೂ ನೆಪ ಹೇಳಿದವನಲ್ಲ. ಸೋತರೆ ಅಳುತ್ತಿರಲಿಲ್ಲ. ಲಕ್ಷ್ಮಿ ಕೂಸನ್ನು ಎತ್ತಿಕೊಂಡು ಮೈದಾನಕ್ಕೆ ಬಂದರೆ, ವಿರಾಮದಲ್ಲಿ ಅದನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸುತ್ತಿದ್ದ. "ಎಂಥಾ ಸೋದರಮಾವ!" ಎಂದು ಉಳಿದ ಹುಡುಗರ ತಾಯಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು.

ಭಾನುವಾರ ಫೈನಲ್. ಚಂದ್ರಾ ಲೇಔಟ್‌ಗೂ ನಾಗರಬಾವಿಗೂ. ದೊಡ್ಡ ಕ್ಲಬ್ಬಿನವರು ಬಂದು ಕೂತಿದ್ದರು. ಒಬ್ಬನನ್ನು ಮಾತ್ರ ಆರಿಸಿ, ತಮ್ಮ ಹಾಸ್ಟೆಲಿನಲ್ಲಿಟ್ಟು ತಯಾರು ಮಾಡುವವರು. ಜೀವನ್ ತಲೆಯಿಂದ ಗೋಲು ಹೊಡೆದ. ಮುತ್ತುರಾಜ ಅದೇ ಜೀವನ್‌ನ ಕಾಲುಗಳ ನಡುವೆ ಚೆಂಡು ತೂರಿಸಿ ಗೋಲು ಸಮ ಮಾಡಿದ. ಕ್ಲಬ್ಬಿನವರು ಇಬ್ಬರ ಕಡೆಗೂ ಬೆರಳು ತೋರಿಸಿ ಮಾತಾಡತೊಡಗಿದರು.

ಮೋಹನ್ ಕುಮಾರ್‌ಗೆ ತಡೆದುಕೊಳ್ಳಲಾಗಲಿಲ್ಲ. ಮೈದಾನಕ್ಕೆ ನುಗ್ಗಿದರು.

"ಆಟ ನಿಲ್ಸಿ! ಇವನಿಗೆ ವಯಸ್ಸು ಜಾಸ್ತಿ. ಕಾಗದ ಯಾರು ಬೇಕಾದ್ರೂ ಮಾಡಿಸ್ಬೋದು, ಹಲ್ಲು ಸುಳ್ಳು ಹೇಳಲ್ಲ. ಮೇಡಂ, ನೀವೇ ನೋಡಿ!"

ಟೂರ್ನಿಗೆಂದು ಕರೆಸಿದ್ದ ಡಾಕ್ಟರ್ ಸ್ಪಂದನ ನಿಜಕ್ಕೂ ಹಲ್ಲಿನ ಡಾಕ್ಟರು. ಬೆಳಗಿನಿಂದ ಬರೀ ಮೊಣಕಾಲಿಗೆ ಸ್ಪ್ರೇ ಹೊಡೆದು ಬೇಸತ್ತಿದ್ದರು. ಉತ್ಸಾಹದಿಂದ ಟಾರ್ಚ್ ತೆಗೆದರು.

ಜೀವನ್‌ನ ತಾಯಿ ಕುಸುಮಾ ಓಡಿ ಬಂದರು. "ನಾಚ್ಕೆ ಆಗಲ್ವಾ ನಿಮ್ಗೆ? ಮಗು ಅದು! ಸಲೂನ್ ಕತ್ತರಿ ಅಂದ್ರೆ ಈಗ್ಲೂ ಹೆದರುತ್ತೆ!"

"ಅಮ್ಮಾ," ಎಂದು ಜೀವನ್ ಗಡಸು ದನಿಯಲ್ಲಿ ಬಿಕ್ಕಿದ. ಬಾಯಿ ತೆರೆದ.

ಡಾಕ್ಟರ್ ಬೆರಳಿಟ್ಟು ನೋಡಿದರು. "ಇಲ್ಲೊಂದು ಹಾಲುಹಲ್ಲು ಇನ್ನೂ ಅಲ್ಲಾಡ್ತಾ ಇದೆ. ಮಗೂನೇ ಇದು."

ಜನ ಗೊಳ್ಳೆಂದು ನಕ್ಕರು. ಮೋಹನ್ ಕುಮಾರ್ ಮುಖ ಸಣ್ಣಗಾಯಿತು. ಹಿಮ್ಮಡಿ ಎತ್ತಿ ಜೀವನ್‌ನ ಭುಜ ತಟ್ಟಿದರು. "ತಪ್ಪಾಯ್ತಮ್ಮ," ಎಂದು ಕುಸುಮಾಗೆ ಕೈಮುಗಿದರು.

ಕುಸುಮಾ ಬಿಡಲಿಲ್ಲ. "ಈಗ ನಿಮ್ಮ ಹುಡುಗನ್ನೂ ನೋಡ್ಲಿ."

"ಧಾರಾಳವಾಗಿ!" ಮೋಹನ್ ಕುಮಾರ್‌ಗೆ ಜೀವ ಬಂತು. "ಬಾರೋ ಮುತ್ತು, ಆ ಅನ್ನು."

ಮುತ್ತುರಾಜ ತುಟಿ ಬಿಗಿದು ನಿಂತ.

"ಹೆದರ್ಬೇಡ ಪುಟ್ಟಾ," ಎಂದರು ಡಾಕ್ಟರ್. "ನೋವಾಗಲ್ಲ. ಚಾಕ್ಲೇಟ್ ಕೊಡ್ತೀನಿ."

ಮುತ್ತುರಾಜ ಹೆಜ್ಜೆ ಹಿಂದಿಟ್ಟ. ಹಣೆಯಲ್ಲಿ ಬೆವರು. ಮೋಹನ್ ಕುಮಾರ್ ಅವನ ತಲೆ ಸವರಿದರು. ಎಳೆಯ ಜೀವ, ಅಮ್ಮ ಜೊತೆಗಿಲ್ಲ. "ಮಗೂಗೆ ಗಾಬರಿಯಾಗಿದೆ," ಎಂದು ಜನರತ್ತ ತಿರುಗಿ ಕೂಗಿದರು. "ಯಾರಾದ್ರೂ ಅವರಕ್ಕನ್ನ ಕರೀರಪ್ಪ!"

ಕೂಸನ್ನು ಎತ್ತಿಕೊಂಡೇ ಲಕ್ಷ್ಮಿ ಜನರನ್ನು ಸರಿಸಿ ಬಂದಳು. ಡಾಕ್ಟರರ ಕೈಯ ಟಾರ್ಚ್ ನೋಡಿದಳು. ಮುಖ ಅರಳಿಸಿ ಮುತ್ತುರಾಜನತ್ತ ತಿರುಗಿದಳು.

"ರೀ, ಹಲ್ಲಿನ ಡಾಕ್ಟರು ಇಲ್ಲೇ ಅದಾರಂದ್ರ ನಾಚ್ಕಿ ಯಾಕ್ರಿ? ನಿಮ್ಮ ಮಗಳನ್ನ ನಾ ಹಿಡ್ಕೋತೀನಿ, ಆ ಬುದ್ಧಿಹಲ್ಲು ಇವತ್ತ ಕೀಳಿಸಿಬಿಡ್ರಿ."